ಸ್ವರ್ಗದಲ್ಲೂ ಒಂದೇ ಕುರ್ಚಿ: ಯೆಹೂದಿ ಕಥೆಗಳಲ್ಲಿ ಗಂಡ, ಹೆಂಡತಿ ಮತ್ತು ದೇವರು

ಖಾಯಿಮ್ ಒಬ್ಬ ಹಮಾಲಿ. ದಿನವಿಡೀ ಬೆನ್ನ ಮೇಲೆ ಭಾರ ಹೊರುತ್ತಾನೆ. ಕೂಲಿ ಕೈಗೆ ಬಂದ ಕೂಡಲೇ ಮನೆಯತ್ತ ಓಡಿ, ಗೋಡೆ ಪಕ್ಕ ನಿಂತು, ತಲೆ ಎತ್ತಿ ‘ಹನ್ನಾ’ ಎಂದು ಕೂಗುತ್ತಾನೆ. ಮೇಲಿನ ಪುಟ್ಟ ಕಿಟಕಿ ತೆರೆಯುತ್ತದೆ. ತಲೆಗೆ ಬಿಳಿ ವಸ್ತ್ರ ಕಟ್ಟಿದ ಹೆಂಡತಿ ಇಣುಕುತ್ತಾಳೆ. ಅವನು ಕಾಗದದಲ್ಲಿ ಸುತ್ತಿದ ಕೂಲಿಯನ್ನು ಮೇಲಕ್ಕೆ ಎಸೆಯುತ್ತಾನೆ. ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ, ಅವನು ಮತ್ತೆ ಭಾರ ಹೊರಲು ಹೊರಡುತ್ತಾನೆ. ಅಷ್ಟೇ. ಇಡೀ ಕಥೆಯಲ್ಲಿ ಪ್ರೀತಿಯ ದೃಶ್ಯ ಅಂತ ಇರೋದು ಹೆಚ್ಚುಕಮ್ಮಿ ಇದೊಂದೇ.

ಖಾಯಿಮ್‌ಗೆ ಒಂದು ಚಿಂತೆ. ತಾನು ಓದಿದವನಲ್ಲ, ಸತ್ತ ಮೇಲೆ ಸ್ವರ್ಗ ಸಿಗುತ್ತದೋ ಇಲ್ಲವೋ. ಶನಿವಾರ ಓದುಮನೆಗೆ ಹೋಗಿ ಗುರುವನ್ನು ಕೇಳುತ್ತಾನೆ. ಶಾಸ್ತ್ರ ಓದು ಎನ್ನುತ್ತಾನೆ ಗುರು. ಓದು ಬರಲ್ಲ. ಸ್ತೋತ್ರ ಹೇಳು. ಪುರುಸೊತ್ತಿಲ್ಲ. ಹೋಗಲಿ, ಮನಸ್ಸಿಟ್ಟು ಪ್ರಾರ್ಥನೆಯನ್ನಾದರೂ ಮಾಡು. ಆ ಮಾತುಗಳ ಅರ್ಥವೇ ಗೊತ್ತಿಲ್ಲ. ಕೊನೆಗೆ ಗುರು ಸೋತು, ಓದುವವರಿಗೆ ದಿನಾ ಸಂಜೆ ಕುಡಿಯುವ ನೀರು ತಂದು ಹಾಕು, ಅದೇ ಸಾಕು ಎನ್ನುತ್ತಾನೆ. ಖಾಯಿಮ್‌ಗೆ ಖುಷಿಯೋ ಖುಷಿ. ಆಮೇಲೆ ಕೇಳುತ್ತಾನೆ, ಮತ್ತೆ ನನ್ನ ಹೆಂಡತಿಗೆ? ಗಂಡ ಸ್ವರ್ಗದಲ್ಲಿ ಕುರ್ಚಿಯ ಮೇಲೆ ಕೂತರೆ ಹೆಂಡತಿ ಅವನ ಕಾಲುಮಣೆ ಆಗುತ್ತಾಳೆ ಎಂಬ ಉತ್ತರ ಬರುತ್ತದೆ.

ಅವನು ಮನೆಗೆ ಬರುತ್ತಾನೆ. ಹನ್ನಾ ಪ್ರಾರ್ಥನೆ ಹೇಳುತ್ತಾ ಕೂತಿದ್ದಾಳೆ. ನೋಡುತ್ತಿದ್ದ ಹಾಗೆ ಅವನಿಗೆ ಕರುಳು ಚುರ್ ಅನ್ನುತ್ತದೆ. ಬೇಡ ಹನ್ನಾ, ನೀನು ನನ್ನ ಕಾಲುಮಣೆ ಆಗೋದು ನನಗೆ ಬೇಡ, ಬಗ್ಗಿ ನಿನ್ನನ್ನು ಎತ್ತಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ, ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂರೋಣ, ದೇವರು ಒಪ್ಪಲೇಬೇಕು ಎನ್ನುತ್ತಾನೆ.

ಇದು ಐ. ಎಲ್. ಪೆರೆಟ್ಸ್ ಯಿಡ್ಡಿಷ್ ಭಾಷೆಯಲ್ಲಿ, ಅಂದರೆ ಪೂರ್ವ ಯುರೋಪಿನ ಯೆಹೂದಿಗಳ ಆಡುಮಾತಿನಲ್ಲಿ, ಬರೆದ ಪುಟ್ಟ ಕಥೆ. ಹೆಸರು ‘ಶೊಲೆಮ್ ಬಾಯಿಸ್’, ಅಂದರೆ ಮನೆಯ ನೆಮ್ಮದಿ. ಪೆರೆಟ್ಸ್ (1852–1915) ಪೋಲೆಂಡಿನವರು, ವಕೀಲರಾಗಿದ್ದವರು, ಧರ್ಮಗುರುಗಳ ಬಗ್ಗೆ ಅಂಥ ದೊಡ್ಡ ಗೌರವ ಇಟ್ಟುಕೊಂಡವರೇನಲ್ಲ. ಆದರೂ ಯೆಹೂದಿ ಕಥೆಗಳಲ್ಲಿ ದಾಂಪತ್ಯವನ್ನೂ ದೈವಭಕ್ತಿಯನ್ನೂ ಹೇಗೆ ಹೆಣೆದಿರುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಈ ಕಥೆಯನ್ನೇ. ಖಾಯಿಮ್ ದೇವರನ್ನು ಬಿಡಲಿಲ್ಲ. ಹೆಂಡತಿಯನ್ನೂ ಬಿಡಲಿಲ್ಲ. ಹೆಂಡತಿಯ ಪರವಾಗಿ ದೇವರ ಹತ್ತಿರ ಹಟ ಹಿಡಿದ. ದೇವರು ತನ್ನ ಮಾತು ಕೇಳುತ್ತಾನೆ ಎಂಬ ನಂಬಿಕೆ ಇರೋದರಿಂದಲೇ ಆ ಹಟ, ಅಲ್ವಾ?

ಇಲ್ಲಿ ಒಂದು ಪದ ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ಹೀಬ್ರೂನಲ್ಲಿ ‘ಎಮುನಾ’. ಇದನ್ನು ಸಾಮಾನ್ಯವಾಗಿ ಶ್ರದ್ಧೆ, ದೈವನಂಬಿಕೆ ಎಂದು ಅನುವಾದಿಸುತ್ತಾರೆ. ಆದರೆ ಅದರ ಮೂಲ ಅರ್ಥ ಗಟ್ಟಿಯಾಗಿರುವುದು, ಅಲುಗಾಡದೆ ನಿಲ್ಲುವುದು. ‘ಆಮೆನ್’ ಹುಟ್ಟಿದ್ದೂ ಇದೇ ಧಾತುವಿನಿಂದ. ಬೈಬಲಿನ ವಿಮೋಚನಕಾಂಡದಲ್ಲಿ ಒಂದು ಯುದ್ಧದ ಪ್ರಸಂಗ ಬರುತ್ತದೆ. ಮೋಶೆ ಕೈ ಎತ್ತಿ ಹಿಡಿದಷ್ಟು ಹೊತ್ತು ಇಸ್ರೇಲರ ಕೈ ಮೇಲಾಗುತ್ತದೆ, ಕೈ ಸೋತು ಇಳಿದರೆ ಶತ್ರುಗಳದ್ದು. ಹಾಗಾಗಿ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಕೈ ಹಿಡಿದು ನಿಲ್ಲುತ್ತಾರೆ. ಸೂರ್ಯ ಮುಳುಗುವ ತನಕ ಅವನ ಕೈಗಳು ‘ಎಮುನಾ’ ಆಗಿದ್ದವು ಎನ್ನುತ್ತದೆ ಮೂಲ. ಅಂದರೆ ನಡುಗದೆ ನಿಂತಿದ್ದವು. ಅದೂ ಬೇರೆಯವರ ಆಸರೆಯಿಂದ. ದೇವರು ಇದ್ದಾನೋ ಇಲ್ಲವೋ ಎಂಬ ತರ್ಕಕ್ಕೂ ಈ ಪದಕ್ಕೂ ಅಷ್ಟೇನೂ ನಂಟಿಲ್ಲ. ಸೋತ ಕೈಯನ್ನು ಸಂಜೆವರೆಗೆ ಇಳಿಸದೆ ಇರೋದೇ ಎಮುನಾ.

ಕನ್ನಡದವರಿಗೆ ಇದು ಬೇಗ ಅರ್ಥವಾಗುತ್ತದೆ ಅನ್ನಿಸುತ್ತದೆ ನನಗೆ. ನಾವು ದೇವರನ್ನೂ ‘ನಂಬುತ್ತೇವೆ’, ಕಟ್ಟಿಕೊಂಡವರನ್ನೂ ‘ನಂಬುತ್ತೇವೆ’, ‘ನಂಬಿದೋರ ಕೈ ಬಿಡಬೇಡ’ ಎಂಬ ಮಾತನ್ನು ಇಬ್ಬರಿಗೂ ಹೇಳುತ್ತೇವೆ.

ಈ ಎರಡು ನಂಬಿಕೆಗಳನ್ನು ಮೊದಲು ಬಿಗಿಯಾಗಿ ಕಟ್ಟಿದವನು ಕ್ರಿಸ್ತಪೂರ್ವ ಎಂಟನೇ ಶತಮಾನದ ಪ್ರವಾದಿ ಹೋಶೇಯ. ಅವನ ಹೆಂಡತಿ ಗೋಮೆರ್ ಬೇರೆಯವರ ಹಿಂದೆ ಹೋಗುತ್ತಾಳೆ. ದೇವರು ಹೇಳುತ್ತಾನೆ, ನನ್ನ ಜನ ನನಗೂ ಹೀಗೇ ಮಾಡಿದ್ದಾರೆ. ಕೋಪ, ಬೈಗುಳ, ಬೆದರಿಕೆ ಎಲ್ಲ ಇದೆ ಆ ಪುಸ್ತಕದಲ್ಲಿ, ಓದುವಾಗ ಕಸಿವಿಸಿಯಾಗುವಷ್ಟು. ಆಮೇಲೆ ಇದ್ದಕ್ಕಿದ್ದಂತೆ ದೇವರ ದನಿ ಮೆತ್ತಗಾಗುತ್ತದೆ, ನಿನ್ನನ್ನು ಎಂದೆಂದಿಗೂ ವರಿಸಿಕೊಳ್ಳುತ್ತೇನೆ, ಎಮುನಾದಿಂದ ವರಿಸಿಕೊಳ್ಳುತ್ತೇನೆ ಎಂಬ ಮಾತು ಬರುತ್ತದೆ. ಸಂಪ್ರದಾಯಸ್ಥ ಯೆಹೂದಿ ಗಂಡಸರು ವಾರದ ದಿನಗಳ ಬೆಳಗಿನ ಪ್ರಾರ್ಥನೆಗೆ ತೆಫಿಲ್ಲಿನ್ ಎಂಬ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಾರಲ್ಲ, ಅದನ್ನು ನಡುಬೆರಳಿಗೆ ಉಂಗುರದ ಹಾಗೆ ಮೂರು ಸುತ್ತು ಸುತ್ತುವಾಗ ಹೇಳುವುದು ಇದೇ ಸಾಲುಗಳನ್ನು. ದಿನಾ ಬೆಳಗ್ಗೆ ಒಂದು ಮದುವೆ.

ಇದೆಲ್ಲ ಕಾವ್ಯ ಆಯಿತು. ಯೆಹೂದಿ ದಾಂಪತ್ಯದ ಇನ್ನೊಂದು ಮುಖ ಪಕ್ಕಾ ಲೆಕ್ಕಾಚಾರದ್ದು. ಮದುವೆಯಲ್ಲಿ ಕೆತುಬಾ ಎಂಬ ಕರಾರುಪತ್ರ ಬರೆಯುತ್ತಾರೆ. ಭಾಷೆ ಅರಾಮಿಕ್, ಸಾಕ್ಷಿಗಳ ಸಹಿ ಬೇಕು. ಅದರಲ್ಲಿ ನೀನೇ ನನ್ನ ಪ್ರಾಣ ಎಂಬಂಥ ಮಾತು ಒಂದೂ ಇಲ್ಲ. ಗಂಡ ಬಿಟ್ಟರೆ ಅಥವಾ ಸತ್ತರೆ ಹೆಂಡತಿಗೆ ಎಷ್ಟು ಕೊಡಬೇಕು ಎಂಬುದಿದೆ. ಹಳೆಯ ಲೆಕ್ಕದಲ್ಲಿ ಮೊದಲ ಮದುವೆಯ ಹುಡುಗಿಗೆ 200 ಜೂಜ್ ಬೆಳ್ಳಿ ನಾಣ್ಯ, ವಿಧವೆಗೆ 100. ಊಟ, ಬಟ್ಟೆ, ಹಾಸಿಗೆಯ ಸುಖ, ಈ ಮೂರೂ ಹೆಂಡತಿಯ ಹಕ್ಕು. ಮೂರನೆಯದು ಅವಳ ಹಕ್ಕು, ಅವನ ಕರ್ತವ್ಯ, ಗಮನಿಸಿ. ಅದಕ್ಕೊಂದು ವೇಳಾಪಟ್ಟಿಯೂ ಇದೆ! ಕ್ರಿಸ್ತಶಕ 200ರ ಹೊತ್ತಿಗೆ ಒಟ್ಟುಮಾಡಿದ ಮಿಶ್ನಾ ಎಂಬ ಧರ್ಮಸಂಹಿತೆಯಲ್ಲಿ, ದುಡಿಯುವ ಅಗತ್ಯ ಇಲ್ಲದವನಿಗೆ ದಿನಾ, ಕೂಲಿಯವನಿಗೆ ವಾರಕ್ಕೆ ಎರಡು ಸಲ, ಕತ್ತೆ ಹೊಡೆಯುವವನಿಗೆ ವಾರಕ್ಕೊಮ್ಮೆ, ಒಂಟೆಯವನಿಗೆ 30 ದಿನಕ್ಕೊಮ್ಮೆ, ಹಡಗಿನವನಿಗೆ ಆರು ತಿಂಗಳಿಗೊಮ್ಮೆ ಎಂದು ಕಸುಬಿನ ಪ್ರಕಾರ ಬರೆದಿಟ್ಟಿದ್ದಾರೆ. ನಗು ಬರುತ್ತದೆ, ನಿಜ. ಆದರೆ ಒಂಟೆ ಹೊಡೆಯುವವನ ಹೆಂಡತಿ ಮೂವತ್ತು ದಿನ ಕಾಯುತ್ತಾಳೆ ಎಂಬುದನ್ನು ಯಾರೋ ಒಬ್ಬ ಪಂಡಿತ ಕೂತು ಯೋಚಿಸಿದ್ದಾನಲ್ಲ.

ಇನ್ನೊಂದು ವಿಷಯ. ಈ ಧರ್ಮದಲ್ಲಿ ವಿಚ್ಛೇದನ ಉಂಟು, ಮೊದಲಿನಿಂದಲೂ ಉಂಟು. ‘ಗೆಟ್’ ಎಂಬ ಪತ್ರ ಕೊಟ್ಟರೆ ಮುಗಿಯಿತು. ಹಾಗಾಗಿ ಈ ಕಥೆಗಳಲ್ಲಿ ಯಾರಾದರೂ ಬಿಡದೆ ಜೊತೆಗಿದ್ದರೆ, ಬೇರೆ ದಾರಿ ಇರಲಿಲ್ಲ ಅಂತ ಅಲ್ಲ. ಬಾಗಿಲು ತೆರೆದೇ ಇತ್ತು, ಆದರೂ ಹೋಗಲಿಲ್ಲ. ಗೆಟ್ ಕೊಡಬೇಕಾದವನು ಗಂಡ, ಅದು ಬೇರೆಯೇ ಒಂದು ಗೋಳು, ಅದಕ್ಕೆ ಆಮೇಲೆ ಬರುತ್ತೇನೆ.

ಕಾನೂನು ಇದ್ದಲ್ಲಿ ಕಥೆ ಹುಟ್ಟುತ್ತದೆ. ತಾಲ್ಮುದ್ ಎಂಬ ಬೃಹತ್ ಗ್ರಂಥದಲ್ಲಿ, ಮೇಲೆ ಹೇಳಿದ ವೇಳಾಪಟ್ಟಿಯ ಚರ್ಚೆಯ ನಡುವೆಯೇ, ರವ್ ರೆಹುಮಿ ಎಂಬ ಪಂಡಿತನ ಕಥೆ ಬರುತ್ತದೆ. ದೂರದ ಊರಲ್ಲಿ ಗುರುವಿನ ಹತ್ತಿರ ಓದುತ್ತಿದ್ದವನು. ವರ್ಷಕ್ಕೆ ಒಂದೇ ದಿನ, ಯೋಮ್ ಕಿಪ್ಪುರ್ ಉಪವಾಸದ ಹಿಂದಿನ ದಿನ, ಮನೆಗೆ ಬರುತ್ತಿದ್ದ. ಒಂದು ವರ್ಷ ಓದಿನಲ್ಲಿ ಮುಳುಗಿ ಮರೆತೇಬಿಟ್ಟ. ಹೆಂಡತಿ ಈಗ ಬಂದ, ಇನ್ನೇನು ಬಂದ ಎಂದು ಕಾಯುತ್ತಾಳೆ. ಬರಲಿಲ್ಲ. ಅವಳ ಕಣ್ಣಿಂದ ಒಂದು ಹನಿ ನೀರು ಬಿತ್ತು. ಅದೇ ಗಳಿಗೆಯಲ್ಲಿ ಅಲ್ಲಿ ಅವನು ಕೂತಿದ್ದ ಛಾವಣಿ ಕುಸಿದು ಅವನು ಸತ್ತ. ಮುಗಿಯಿತು ಕಥೆ. ಮೂಲದಲ್ಲೂ ಕೆಲವೇ ಸಾಲು. ರೆಹುಮಿ ಎಂಬ ಹೆಸರಿನ ಒಳಗೇ ಪ್ರೀತಿ, ಕರುಣೆ ಎಂಬ ಅರ್ಥದ ಧಾತು ಇದೆ, ಅದೊಂದು ಕಹಿ ತಮಾಷೆ. ಓದುವುದೇ ಎಲ್ಲಕ್ಕಿಂತ ದೊಡ್ಡ ಪುಣ್ಯ ಎನ್ನುವ ಪಂಡಿತರು, ತಮ್ಮದೇ ಗ್ರಂಥದಲ್ಲಿ, ಹೆಂಡತಿಯ ಒಂದು ಹನಿ ಕಣ್ಣೀರಿಗೆ ಒಬ್ಬ ಪಂಡಿತನ ಪ್ರಾಣವನ್ನೇ ಬೆಲೆ ಕಟ್ಟಿದ್ದಾರೆ.

ಅದರ ಹತ್ತಿರದಲ್ಲೇ ರಬ್ಬಿ ಅಕೀವಾನ ಕಥೆ ಇದೆ (ರಬ್ಬಿ ಅಂದರೆ ಯೆಹೂದಿ ಧರ್ಮಗುರು), ಅದು ಬಹಳ ಪ್ರಸಿದ್ಧ. ಕುರುಬನಾಗಿದ್ದವನನ್ನು ಶ್ರೀಮಂತನ ಮಗಳು ಮೆಚ್ಚಿ ಮದುವೆಯಾಗಿ, ಓದಿಗೆ ಕಳಿಸುತ್ತಾಳೆ. ಅವನು 12 ವರ್ಷ ಬಿಟ್ಟು ಮನೆ ಬಾಗಿಲಿಗೆ ಬಂದಾಗ, ನನ್ನ ಮಾತು ಕೇಳುವುದಾದರೆ ಇನ್ನೂ 12 ವರ್ಷ ಓದಲಿ ಎಂದು ಅವಳು ಯಾರಿಗೋ ಹೇಳುತ್ತಿರುವುದು ಕೇಳಿಸಿ, ಒಳಗೂ ಕಾಲಿಡದೆ ಹಿಂದಕ್ಕೆ ಹೋಗುತ್ತಾನೆ. ಕೊನೆಗೆ 24,000 ಶಿಷ್ಯರ ಜೊತೆ ಬಂದು, ನನ್ನದೂ ನಿಮ್ಮದೂ ಎಲ್ಲ ಇವಳದೇ ಎನ್ನುತ್ತಾನೆ. ಜನ ಇದನ್ನು ಆದರ್ಶ ಪ್ರೇಮಕಥೆ ಅಂತ ಹೇಳುತ್ತಾರೆ. ನನಗೆ ಮಾತ್ರ, ಅಲ್ಲಪ್ಪಾ, ಬಾಗಿಲವರೆಗೆ ಬಂದವನು ಒಂದು ಲೋಟ ನೀರಾದರೂ ಕುಡಿದು ಹೋಗಬಾರದಿತ್ತೇ ಅನ್ನಿಸುತ್ತದೆ.

ನನ್ನ ಮೆಚ್ಚಿನದು ಸೀದೋನ್ ಎಂಬ ಊರಿನ ಗಂಡ ಹೆಂಡತಿಯ ಕಥೆ. ಇದು ಬೈಬಲಿನ ಪರಮಗೀತೆಗೆ ಬರೆದ ಹಳೆಯ ಮಿದ್ರಾಶ್‌ನಲ್ಲಿ, ಅಂದರೆ ಕಥೆ ಬೆರೆತ ವ್ಯಾಖ್ಯಾನದಲ್ಲಿ ಸಿಗುತ್ತದೆ. ಹತ್ತು ವರ್ಷವಾದರೂ ಮಕ್ಕಳಾಗದಿದ್ದರೆ ಗಂಡ ಸುಮ್ಮನಿರುವಂತಿಲ್ಲ ಎಂಬುದು ಅಂದಿನ ನಿಯಮ. ಇಬ್ಬರೂ ರಬ್ಬಿ ಶಿಮೋನ್ ಬಾರ್ ಯೊಹಾಯ್ ಹತ್ತಿರ ಹೋಗಿ ಬೇರೆಯಾಗುತ್ತೇವೆ ಎನ್ನುತ್ತಾರೆ. ಒಂದಾಗುವಾಗ ಊಟ ಹಾಕಿಸಿದ್ದಿರಲ್ಲ, ಬೇರೆಯಾಗುವಾಗಲೂ ಹಾಕಿಸಿ ಎನ್ನುತ್ತಾನೆ ಅವನು. ಸರಿ, ಔತಣ ನಡೆಯುತ್ತದೆ. ಹೆಂಡತಿ ಗಂಡನಿಗೆ ಜಾಸ್ತಿಯೇ ಕುಡಿಸುತ್ತಾಳೆ. ಅಮಲೇರಿದ ಗಂಡ, ಈ ಮನೆಯಲ್ಲಿ ನಿನಗೆ ಎಲ್ಲಕ್ಕಿಂತ ಬೆಲೆಬಾಳುವುದು ಯಾವುದೋ ಅದನ್ನು ತೆಗೆದುಕೊಂಡು ತವರಿಗೆ ಹೋಗು ಎನ್ನುತ್ತಾನೆ. ಅವನು ನಿದ್ದೆ ಹೋದ ಮೇಲೆ ಅವಳು ಆಳುಗಳನ್ನು ಕರೆದು, ಹಾಸಿಗೆ ಸಮೇತ ಅವನನ್ನೇ ಎತ್ತಿಸಿಕೊಂಡು ಅಪ್ಪನ ಮನೆಗೆ ಹೋಗುತ್ತಾಳೆ. ನಡುರಾತ್ರಿ ಎಚ್ಚರವಾಗಿ ನಾನೆಲ್ಲಿದ್ದೇನೆ ಎಂದರೆ, ನನ್ನ ತವರಲ್ಲಿ, ನೀನೇ ಹೇಳಿದೆಯಲ್ಲ, ನಿನಗಿಂತ ಬೆಲೆಬಾಳುವುದು ನನಗೆ ಇನ್ನೇನಿದೆ ಎನ್ನುತ್ತಾಳೆ. ಮತ್ತೆ ರಬ್ಬಿಯ ಹತ್ತಿರ ಹೋಗುತ್ತಾರೆ, ಅವನು ಪ್ರಾರ್ಥಿಸುತ್ತಾನೆ, ಮಗುವಾಗುತ್ತದೆ. ಮಗುವಿನ ಭಾಗ ನನಗೆ ಅಷ್ಟು ಮುಖ್ಯವಲ್ಲ. ನಿಯಮವನ್ನು ಅವಳು ಎದುರು ಹಾಕಿಕೊಳ್ಳಲಿಲ್ಲ ನೋಡಿ. ಗಂಡ ಹೇಳಿದ ಮಾತನ್ನೇ ಅಕ್ಷರಶಃ ಪಾಲಿಸಿದಳು, ಆ ಪಾಲನೆಯಲ್ಲೇ ನಿಯಮವನ್ನು ಮಗುಚಿ ಹಾಕಿದಳು. ಖಾಯಿಮ್‌ನ ಅಜ್ಜಿಯ ಅಜ್ಜಿ ಇವಳು.

ಈಗ ಇಪ್ಪತ್ತನೇ ಶತಮಾನಕ್ಕೆ ಬರೋಣ. ಐಸಾಕ್ ಬಾಷೆವಿಸ್ ಸಿಂಗರ್, 1978ರ ನೊಬೆಲ್ ಪಡೆದವರು, ಯಿಡ್ಡಿಷ್‌ನಲ್ಲೇ ಬರೆದವರು. ಅವರ ‘ಗಿಂಪೆಲ್ ತಾಮ್’ 1945ರದು, 1953ರಲ್ಲಿ ಸಾಲ್ ಬೆಲ್ಲೋ ಇಂಗ್ಲಿಷಿಗೆ ತಂದ ಮೇಲೆ ಜಗತ್ತಿಗೆಲ್ಲ ಪರಿಚಯವಾಯಿತು. ಇಂಗ್ಲಿಷಿನಲ್ಲಿ ಗಿಂಪೆಲ್ ‘ಮೂರ್ಖ’ನಾದ. ಆದರೆ ‘ತಾಮ್’ ಅಂದರೆ ಮುಗ್ಧ, ಕಪಟ ಇಲ್ಲದವನು ಎಂಬ ಅರ್ಥವೂ ಇದೆ. ಬೈಬಲಿನಲ್ಲಿ ಯಾಕೋಬನಿಗೂ ಯೋಬನಿಗೂ ಇದೇ ವಿಶೇಷಣ. ಫ್ರಾಂಪೋಲ್ ಊರಿನ ಈ ರೊಟ್ಟಿ ಸುಡುವವನನ್ನು ಊರವರೆಲ್ಲ ಸೇರಿ ಎಲ್ಕಾ ಎಂಬವಳಿಗೆ ಗಂಟು ಹಾಕುತ್ತಾರೆ. ನಾಲ್ಕೇ ತಿಂಗಳಲ್ಲಿ ಮಗು. ಅವಧಿಗೆ ಮೊದಲೇ ಹುಟ್ಟಿತು ಎನ್ನುತ್ತಾಳೆ ಎಲ್ಕಾ. ಒಂದು ರಾತ್ರಿ ಅವಳ ಪಕ್ಕದಲ್ಲಿ ಬೇರೆ ಗಂಡಸನ್ನು ಕಣ್ಣಾರೆ ನೋಡುತ್ತಾನೆ. ರಬ್ಬಿ ಬಿಡು ಎನ್ನುತ್ತಾನೆ. ಆದರೆ ಗಿಂಪೆಲ್‌ಗೆ ಅವಳ ನೆನಪು, ಮಗುವಿನ ನೆನಪು. ನಾನೇ ತಪ್ಪು ನೋಡಿರಬೇಕು ಎಂದು ಹೇಳಿಕೆ ಬದಲಿಸಿ ವಾಪಸ್ ಹೋಗುತ್ತಾನೆ.

ಅಲ್ಲಿ ಅವನಿಗೊಂದು ಯೋಚನೆ ಬರುತ್ತದೆ, ಇವತ್ತು ಹೆಂಡತಿಯನ್ನು ನಂಬದವನು ನಾಳೆ ದೇವರನ್ನೂ ನಂಬದೆ ಹೋಗುತ್ತಾನೆ ಅಂತ. ಎಮುನಾ ಅಂದೆನಲ್ಲ, ಇದೇ. ಇಪ್ಪತ್ತು ವರ್ಷ ಸಂಸಾರ, ಆರು ಮಕ್ಕಳು. ಸಾಯುವಾಗ ಎಲ್ಕಾ, ಒಂದೂ ನಿನ್ನದಲ್ಲ ಎಂದು ಒಪ್ಪಿಕೊಳ್ಳುತ್ತಾಳೆ. ಆಮೇಲೆ ಸೈತಾನ ಬಂದು ಪಿಸುಗುಟ್ಟುತ್ತಾನೆ: ದೇವರೂ ಇಲ್ಲ, ಪರಲೋಕವೂ ಇಲ್ಲ, ಊರೆಲ್ಲ ನಿನಗೆ ಮೋಸ ಮಾಡಿದೆ, ನೀನೂ ಹಿಟ್ಟಿಗೆ ಮೂತ್ರ ಬೆರೆಸು. ಗಿಂಪೆಲ್ ಬೆರೆಸುತ್ತಾನೆ! ರೊಟ್ಟಿ ಒಲೆಯಲ್ಲಿ ಬೇಯುತ್ತಿದೆ. ಜೊಂಪು ಹತ್ತಿದಾಗ ಕನಸಲ್ಲಿ ಹೆಣದ ಬಟ್ಟೆ ಉಟ್ಟ ಎಲ್ಕಾ, ಮುಖ ಕಪ್ಪಿಟ್ಟಿದೆ. ನಾನು ಸುಳ್ಳಾಗಿದ್ದೆ ಅಂದಮಾತ್ರಕ್ಕೆ ಎಲ್ಲವೂ ಸುಳ್ಳಾಗಿಬಿಡುತ್ತದೆಯೇ, ದಡ್ಡ, ಎಂದು ಕೇಳುತ್ತಾಳೆ. ಅವನು ಎದ್ದು ಅಷ್ಟೂ ರೊಟ್ಟಿಯನ್ನು ಹೆಪ್ಪುಗಟ್ಟಿದ ಮಣ್ಣು ಅಗೆದು ಹೂತುಹಾಕಿ, ಇದ್ದ ದುಡ್ಡನ್ನು ಮಕ್ಕಳಿಗೆ ಹಂಚಿ ಊರು ಬಿಡುತ್ತಾನೆ.

ಈ ಕಥೆಯನ್ನು ಸುಮ್ನೆ ಸಹನೆಯ ಪಾಠ ಅಂತ ಓದಿದರೆ ಕೆಟ್ಟೆವು. ಜೀವನವಿಡೀ ಮೋಸ ಮಾಡಿದವಳೇ ಕೊನೆಗೆ ಅವನನ್ನು ಪಾಪದಿಂದ ಕಾಪಾಡುತ್ತಾಳೆ. ಅವನ ನಂಬಿಕೆ ಅವಳನ್ನು ಬದುಕಿರುವಾಗ ಬದಲಿಸಲಿಲ್ಲ, ಸತ್ತ ಮೇಲೆ ಬದಲಿಸಿತು.

ಸಿಂಗರ್ ಬಗ್ಗೆ ಒಂದು ಅಡ್ಡ ಮಾತು. ರಬ್ಬಿಯ ಮಗನಾದರೂ ಅವರು ಆಚಾರ ಬಿಟ್ಟವರು. 1935ರಲ್ಲಿ ಅಮೆರಿಕಕ್ಕೆ ಹೋಗುವಾಗ ಜೊತೆಗಿದ್ದ ಹೆಂಗಸನ್ನೂ ಮಗನನ್ನೂ ಪೋಲೆಂಡಿನಲ್ಲೇ ಬಿಟ್ಟು ಹೋದರು. ಮತ್ತೆ ಮಗನ ಮುಖ ನೋಡಿದ್ದು 20 ವರ್ಷದ ಮೇಲೆ. ನಿಷ್ಠೆಯ ಬಗ್ಗೆ ಇಷ್ಟು ಆಳವಾಗಿ ಬರೆದವರು ಅದನ್ನು ಒಳಗಿಂದ ಬಲ್ಲವರೋ, ಕಳೆದುಕೊಂಡು ಬಲ್ಲವರೋ.

ಅವರದೇ ಇನ್ನೊಂದು ಕಥೆಯಲ್ಲಿ ಶ್ಮುಲ್-ಲೈಬೆಲೆ ಎಂಬ ಬಡ ದರ್ಜಿ, ಅವನ ಹೆಂಡತಿ ಶೋಶೆ. ಮಕ್ಕಳಿಲ್ಲ. ವಾರವಿಡೀ ದುಡಿದು ಇಬ್ಬರೂ ಬದುಕುವುದು ಶುಕ್ರವಾರದ ಸಂಜೆಗಾಗಿ. ಆವತ್ತು ಶಬ್ಬಾತ್ ಎಂಬ ವಾರದ ವಿಶ್ರಾಂತಿಯ ಪವಿತ್ರ ದಿನ ಶುರು: ದೀಪ, ದ್ರಾಕ್ಷಾರಸ, ಹೆಣೆದ ರೊಟ್ಟಿ, ಮೀನು. ಸಂಪ್ರದಾಯದಲ್ಲಿ ಗಂಡ ಹೆಂಡತಿ ಕೂಡುವುದಕ್ಕೂ ಶುಭವಾದ ರಾತ್ರಿ ಅದು. ವರ್ಷದ ಅತಿ ಗಿಡ್ಡ ಹಗಲಿನ ಶುಕ್ರವಾರ, ಹೊರಗೆ ಹಿಮ. ಊಟ ಮಾಡುತ್ತಾರೆ, ಹಾಡುತ್ತಾರೆ, ಕೂಡುತ್ತಾರೆ, ಮಲಗುತ್ತಾರೆ. ಒಲೆಯ ಹೊಗೆ ಹೊರಹೋಗದೆ ಕೋಣೆಯಲ್ಲೇ ತುಂಬುತ್ತದೆ. ಮತ್ತೆ ಅವರು ಮಾತಾಡುವುದು ಗೋರಿಯೊಳಗಿಂದ. ಕತ್ತಲಲ್ಲಿ ಪಕ್ಕಪಕ್ಕ ಮಲಗಿ, ಹೌದು, ನಾವು ಸತ್ತಿದ್ದೇವೆ ಎಂದು ಗೊತ್ತಾದ ಮೇಲೂ ಗಾಬರಿಯಿಲ್ಲ. ದೇವದೂತ ಬರುವುದನ್ನು ಕಾಯುತ್ತಾರೆ, ಅಷ್ಟೇ.

ಎಲ್ಲ ಕಥೆಯೂ ಹೀಗೆ ಹಿತವಾಗಿ ಮುಗಿಯಲ್ಲ. ಗೆಟ್ ಬಗ್ಗೆ ಹೇಳಿದೆನಲ್ಲ. ಗಂಡ ನಾಪತ್ತೆಯಾದರೆ, ಸತ್ತದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ, ಹೆಂಡತಿ ಇನ್ನೊಂದು ಮದುವೆಯಾಗುವಂತಿಲ್ಲ. ಅಂಥವಳನ್ನು ‘ಅಗುನಾ’ ಎನ್ನುತ್ತಾರೆ, ಲಂಗರು ಹಾಕಿ ಕಟ್ಟಿದವಳು. ಯಿಡ್ಡಿಷ್ ಲೇಖಕ ಖಾಯಿಮ್ ಗ್ರಾಡೆ (1910–1982) ಇದೇ ಹೆಸರಿನಲ್ಲಿ 1961ರಲ್ಲಿ ಒಂದು ಕಾದಂಬರಿ ಬರೆದರು. ವಿಲ್ನಾ ನಗರ. ಮೊದಲ ಮಹಾಯುದ್ಧಕ್ಕೆ ಹೋದ ಗಂಡ ಬಂದೇ ಇಲ್ಲ. ವರ್ಷಗಟ್ಟಲೆ ಕಾದ ಮೇಲೆ ಒಬ್ಬ ಬಡ ರಬ್ಬಿ ಮರುಮದುವೆಗೆ ಅನುಮತಿ ಕೊಡುತ್ತಾನೆ. ಊರು ಎರಡಾಗುತ್ತದೆ. ನಿಷ್ಠೆ ಎಂಬುದು ಅವರವರ ಆಯ್ಕೆಯಾಗಿ ಉಳಿಯದೆ ಮೇಲಿಂದ ಹೇರಿದ್ದಾದಾಗ ಏನಾಗುತ್ತದೆ ಎಂಬುದನ್ನು ಇಷ್ಟು ಖಾರವಾಗಿ ಬರೆದವರು ಕಡಿಮೆ. ಗ್ರಾಡೆ ಸ್ವತಃ 1941ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಸೋವಿಯತ್ ದೇಶದ ಒಳಕ್ಕೆ ಓಡಿಹೋದವರು. ವಿಲ್ನಾದಲ್ಲೇ ಉಳಿದ ತಾಯಿಯನ್ನೂ ಹೆಂಡತಿಯನ್ನೂ ನಾಜಿಗಳು ಕೊಂದರು. ಕಾದು ಕೂತ ಹೆಂಗಸಿನ ಕಥೆಯನ್ನು ಬರೆದ ಕೈ, ಹೆಂಡತಿಯನ್ನು ಬಿಟ್ಟು ಬಂದ ಗಂಡನದು. ಅದು ಗೊತ್ತಾದ ಮೇಲೆ ಆ ಪುಸ್ತಕವನ್ನು ಮೊದಲಿನ ಹಾಗೆ ಓದಲು ನನಗಂತೂ ಆಗಲಿಲ್ಲ.

ಕೊನೆಯದಾಗಿ ಸಿಂಗರ್ ಅವರದೇ 1962ರ ಕಾದಂಬರಿ, ಹೆಸರು ‘ಗುಲಾಮ’. 1648ರಲ್ಲಿ ಖ್ಮೆಲ್ನಿತ್ಸ್ಕಿ ಎಂಬ ದಳಪತಿಯ ಕೊಸಾಕ್ ದಂಡು ಪೋಲೆಂಡಿನ ಆಳ್ವಿಕೆಯಲ್ಲಿದ್ದ ಯೆಹೂದಿಗಳನ್ನು ಕೊಚ್ಚಿ ಹಾಕಿದ ಕಾಲ. ಯಾಕೋಬ್ ಎಂಬ ಓದಿದ ಯುವಕ ಬೆಟ್ಟದ ಹಳ್ಳಿಯೊಂದರಲ್ಲಿ ಗುಲಾಮನಾಗಿ ದನ ಕಾಯುತ್ತಾನೆ. ಒಡೆಯನ ಮಗಳು ವಾಂಡಾ ಮೇಲೆ ಪ್ರೀತಿ. ಅವಳು ಕ್ರೈಸ್ತಳು. ಅವಳು ಮತ ಬದಲಿಸಿದರೆ ಅಂದಿನ ಕಾನೂನಿನಲ್ಲಿ ಇಬ್ಬರಿಗೂ ಸಾವೇ. ಕೊನೆಗೆ ಅವಳು ಸಾರಾ ಎಂಬ ಹೆಸರಿಟ್ಟುಕೊಂಡು ಅವನ ಹೆಂಡತಿಯಾಗಿ ಪಿಲಿಟ್ಸ್ ಎಂಬ ಊರಲ್ಲಿ ಬಾಳುತ್ತಾಳೆ. ಬಾಯಿ ಬಿಟ್ಟರೆ ಉಚ್ಚಾರದಲ್ಲೇ ಸಿಕ್ಕಿಬೀಳುತ್ತಾಳೆ, ಅದಕ್ಕೆ ಮೂಗಿಯ ನಾಟಕ. ನೆರೆಹೊರೆಯವರು ಅವಳ ಎದುರೇ ಅವಳನ್ನು ಆಡಿಕೊಂಡರೂ ಎಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಾಳೆ. ಹೆರಿಗೆ ನೋವಿನಲ್ಲಿ ಮಾತ್ರ ತಡೆಯಲಾಗದೆ ತನ್ನ ಭಾಷೆಯಲ್ಲಿ ಕಿರುಚುತ್ತಾಳೆ. ಗುಟ್ಟು ಬಯಲಾಗುತ್ತದೆ. ಅವಳು ಸತ್ತ ಮೇಲೆ ಊರವರು ಸ್ಮಶಾನದ ಒಳಗೆ ಜಾಗ ಕೊಡದೆ ಬೇಲಿಯ ಹೊರಗೆ ಹೂಳುತ್ತಾರೆ.

ಯಾಕೋಬ್ ಮಗುವನ್ನು ಎತ್ತಿಕೊಂಡು ಪವಿತ್ರ ನಾಡಿಗೆ ಹೋಗುತ್ತಾನೆ. ಸುಮಾರು 20 ವರ್ಷದ ಮೇಲೆ, ಅವಳ ಮೂಳೆಗಳನ್ನಾದರೂ ತೆಗೆದುಕೊಂಡು ಹೋಗೋಣ ಎಂದು ವಾಪಸ್ ಬರುತ್ತಾನೆ. ಹುಡುಕಿದರೆ ಗೋರಿ ಸಿಗಲ್ಲ. ಅದೇ ಊರಲ್ಲಿ ಕಾಯಿಲೆ ಬಿದ್ದು ಸಾಯುತ್ತಾನೆ. ಅವನಿಗೆ ಗುಂಡಿ ತೋಡುವವರ ಗುದ್ದಲಿಗೆ ಅವಳ ದೇಹದ ಅವಶೇಷ ಸಿಗುತ್ತದೆ. ಇಷ್ಟು ವರ್ಷಗಳಲ್ಲಿ ಊರು ಬೆಳೆದಿತ್ತು, ಸತ್ತವರೂ ಜಾಸ್ತಿಯಾಗಿದ್ದರು, ಸ್ಮಶಾನ ತಾನೇ ಹಿಗ್ಗಿ ಹಿಗ್ಗಿ, ಬೇಲಿಯ ಹೊರಗೆ ಮಲಗಿದ್ದವಳನ್ನು ಒಳಕ್ಕೆ ಸೇರಿಸಿಕೊಂಡಿತ್ತು. ಯಾಕೋಬ್‌ನನ್ನು ಅವಳ ಪಕ್ಕದಲ್ಲೇ ಹೂಳುತ್ತಾರೆ.